ತಿಂಗಳ ಕೊನೆಗೆ ಉಳಿದದ್ದು

ಬೆಂಗಳೂರಿನಲ್ಲಿ ಕಾರ್ಖಾನೆಗಳ ಹೆಸರು ಹೊತ್ತ ಬಡಾವಣೆಗಳು ಹಲವಿವೆ. ಬಿಇಎಲ್ ಲೇಔಟ್, ಎಚ್‌ಎಂಟಿ ಲೇಔಟ್, ಐಟಿಐ ಲೇಔಟ್, ಬಿಇಎಂಎಲ್ ಲೇಔಟ್. ತಿಂಗಳ ಸಂಬಳದ ಕೆಲಸಗಾರರು ಸೊಸೈಟಿ ಮಾಡಿಕೊಂಡು, ಕಂತು ತುಂಬಿ ಪಡೆದ ಸೈಟುಗಳು ಅಲ್ಲಿವೆ. ಅದೇ ಊರಿನಲ್ಲಿ ಕಂಪನಿ ಕೊಟ್ಟ ಷೇರು ಮಾರಿ ಮನೆ ಕಟ್ಟಿಸಿದ ಸಾಫ್ಟ್‌ವೇರ್ ನೌಕರರಿದ್ದಾರೆ. ಬೆಳಗಾಗುತ್ತಲೇ ಡಬ್ಬಿ ಕಟ್ಟಿಕೊಂಡು ವ್ಯಾನು ಹತ್ತುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳೂ ಇದ್ದಾರೆ. ಎಲ್ಲರೂ ದುಡಿದು ತಿನ್ನುವವರೇ. ಆದರೂ ಕೆಲವರಿಗೆ ಆಸ್ತಿಯಾಯಿತು, ಕೆಲವರಿಗೆ ಸಾಲ ತೀರಿದರೆ ಸಾಕಾಗಿದೆ. ಈ ಅಂತರಕ್ಕೆ ಕಾರಣ ಸಂಘಟನೆಯೋ, ಓದೋ, ಷೇರೋ?

ಇದನ್ನು ಹಿಡಿದು ಇಬ್ಬರು ಮಾತಾಡಿದ್ದಾರೆ. ಒಬ್ಬರು ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸೇರಿ ನಿವೃತ್ತರಾದವರು, ಒಂದಷ್ಟು ಕಾಲ ಯೂನಿಯನ್ನಿನ ಪದಾಧಿಕಾರಿ. ಇನ್ನೊಬ್ಬಳು ಅವರ ತಮ್ಮನ ಮಗಳು, ಸ್ಟಾರ್ಟಪ್ ಒಂದರಲ್ಲಿ ಎಂಜಿನಿಯರ್.

ಮಗಳು: ದೊಡ್ಡಪ್ಪ, ನೀವು ಎಲ್ಲದಕ್ಕೂ ಯೂನಿಯನ್ ಅಂತೀರಿ. 77 ದಿನ ಮುಷ್ಕರ ಮಾಡಿ ಏನು ಸಿಕ್ತು? ದೊಡ್ಡಮ್ಮನ ಸರ ಅಡವಿಟ್ರಿ ಅಂತ ಅಪ್ಪ ಈಗಲೂ ಹೇಳ್ತಾರೆ.

ದೊಡ್ಡಪ್ಪ: ಹೌದು, ಇಟ್ಟೆ. 1980ರ ಡಿಸೆಂಬರ್ 26ಕ್ಕೆ ಶುರುವಾಗಿ 81ರ ಮಾರ್ಚ್ 12ರವರೆಗೆ ನಡೀತು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್, ಎಲ್ಲ ಗೇಟುಗಳೂ ಒಟ್ಟಿಗೆ ಮುಚ್ಚಿದ್ದು. ಬಿಎಚ್‌ಇಎಲ್‌ನವರಿಗೆ ಕೊಡೋ ಸಂಬಳ ನಮಗೂ ಕೊಡಿ ಅನ್ನೋದು ಬೇಡಿಕೆ. ಎರಡೂವರೆ ತಿಂಗಳು ಸಂಬಳದ ಮುಖ ನೋಡಲಿಲ್ಲ. ಅಂಗಡಿ ಶೆಟ್ಟರು ಲೆಕ್ಕ ಬರಕೊಂಡು ರಾಗಿ ಕೊಟ್ರು. ಕೊನೆಗೆ ಕೇಳಿದ್ದು ಕೈಗೆ ಬರದೇನೇ ಒಳಗೆ ಹೋದ್ವಿ.

ಮಗಳು: ಅಂದ್ರೆ ಸೋತ್ರಿ.

ದೊಡ್ಡಪ್ಪ: ಆ ಮುಷ್ಕರ ಸೋತ್ವಿ, ಇಲ್ಲ ಅನ್ನಲ್ಲ. ಆದ್ರೆ ಆಸ್ತಿ ಆಗೋದು ಎಲ್ಲಿಂದ ಅಂತ ನೀನು ಕೇಳಿದ್ದಲ್ವಾ? ತಿಂಗಳ ಕೊನೆಗೆ ಏನು ಉಳಿಯುತ್ತೋ ಅಲ್ಲಿಂದ. ನಮಗೆ ಉಳೀತಿತ್ತು. ಯಾಕೆ ಉಳೀತು? ಬೆಲೆ ಏರಿದ್ರೆ ಡಿಎ ಏರ್ತಿತ್ತು. ಕೆಲವು ವರ್ಷಕ್ಕೊಂದು ವೇತನ ಒಪ್ಪಂದ ಆಗ್ತಿತ್ತು. ಕಾರ್ಖಾನೆ ಬಸ್ಸು, ಕ್ಯಾಂಟೀನ್ ಊಟ, ಕಾರ್ಖಾನೆ ಆಸ್ಪತ್ರೆ. ನಿಮ್ಮಜ್ಜಿಗೆ ಹೊಟ್ಟೆ ಆಪರೇಷನ್ ಆದಾಗ ನಾನು ಬಡ್ಡಿಗೆ ಸಾಲ ತರಲಿಲ್ಲ. ಇವೆಲ್ಲ ಯಾರೋ ಪುಣ್ಯಾತ್ಮ ಕೊಟ್ಟಿದ್ದಲ್ಲ ಕಣಮ್ಮ, ಒಂದೊಂದನ್ನೂ ಕೂತು ಬರೆಸಿಕೊಂಡಿದ್ದು.

ಮಗಳು: ಉಳಿದಿದ್ದನ್ನ ಎಲ್ಲಿಟ್ರಿ? ಪಿಎಫ್‌ನಲ್ಲಿ, ಎಲ್‌ಐಸಿಯಲ್ಲಿ, ಚೀಟಿಯಲ್ಲಿ.

ದೊಡ್ಡಪ್ಪ: ಪಿಎಫ್ ಅಂದ್ರೆ ಸುಮ್ನೆ ಅಲ್ಲ. 1989ರಿಂದ 2000ದವರೆಗೆ ಶೇ 12ರಷ್ಟು ಬಡ್ಡಿ. ಕೈ ಹಾಕದೆ ಬಿಟ್ಟರೆ ಆರು ವರ್ಷಕ್ಕೆ ದುಪ್ಪಟ್ಟು. ನಾನು ಹಾಕಿದಷ್ಟೇ ಕಾರ್ಖಾನೆಯೂ ಹಾಕಬೇಕು. 1952ರ ಕಾನೂನು ಅದು.

ಮಗಳು: ಆಗ ಬೆಲೆ ಏರಿಕೆ ಎಷ್ಟಿತ್ತು? 1991ರಲ್ಲಿ ಶೇ 13ರ ಮೇಲಿತ್ತು. ಆ ವರ್ಷ ನಿಮ್ಮ ಬಡ್ಡಿ ಬೆಲೆ ಏರಿಕೆಗೂ ಸಾಲಲಿಲ್ಲ. ಅದೇ ಹೊತ್ತಿಗೆ ನಿಮ್ಮ ಕಣ್ಣೆದುರೇ, ಇದೇ ಬೆಂಗಳೂರಿನಲ್ಲಿ, 1993ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಷೇರು ಮಾರಾಟಕ್ಕೆ ಬಂತು. ಒಂದಕ್ಕೆ 95 ರೂಪಾಯಿ. ಕೊಳ್ಳೋರಿಲ್ಲದೆ ಪೂರ್ತಿ ಭರ್ತಿಯೂ ಆಗಲಿಲ್ಲ. ಅವತ್ತು 9,500 ರೂಪಾಯಿಗೆ 100 ಷೇರು ಕೊಂಡು ಮುಟ್ಟದೆ ಇದ್ದವರಿಗೆ ಬೋನಸ್ಸು, ವಿಭಜನೆ ಎಲ್ಲ ಸೇರಿ ಇವತ್ತು ಲಕ್ಷಕ್ಕೂ ಮೀರಿದ ಷೇರುಗಳಿವೆ. ಬೆಲೆ ಕಟ್ಟಿದ್ರೆ ಹತ್ತು ಕೋಟಿ ದಾಟುತ್ತೆ.

ದೊಡ್ಡಪ್ಪ: ಅವತ್ತಿನ 9,500 ಅಂದ್ರೆ ನನಗೆ ಮೂರು ತಿಂಗಳ ಸಂಬಳ. ಹಿಂದಿನ ವರ್ಷ ತಾನೆ ಹರ್ಷದ್ ಮೆಹ್ತಾ ಹಗರಣ ಆಗಿತ್ತು. 1992ರ ಏಪ್ರಿಲ್‌ನಲ್ಲಿ ಆಕಾಶದಲ್ಲಿದ್ದ ಸೂಚ್ಯಂಕ ಧೊಪ್ಪನೆ ಬಿತ್ತು. ನಮ್ಮ ಶಾಪಿನಲ್ಲೇ ಮಗಳ ಮದುವೆಗೆ ಅಂತ ಎತ್ತಿದ ಸೊಸೈಟಿ ಸಾಲವನ್ನ ಷೇರಿಗೆ ಹಾಕಿ ಕಳಕೊಂಡೋರಿದ್ರು. ಷೇರು ಬೇಡಪ್ಪ, ಸರ್ಕಾರದ್ದೇ ಇರಲಿ ಅಂತ ನಾವೆಲ್ಲ ಯುಟಿಐನ ಯುಎಸ್-64 ಯೂನಿಟ್ ಕೊಂಡ್ವಿ. 2001ರ ಜುಲೈನಲ್ಲಿ ಅದನ್ನೂ ವಾಪಸ್ ಕೊಳ್ಳೋದು ನಿಲ್ಲಿಸಿದ್ರು. ನಮ್ಮಂಥೋರು ಬೆಚ್ಚಿದ್ದು ಸುಮ್ಮನೆ ಅಂತ ತಿಳೀಬೇಡ.

ಇಲ್ಲಿ ನಾನು ಒಂದು ಮಾತು ಸೇರಿಸಬೇಕು. ಇನ್ಫೋಸಿಸ್ ಕತೆ ಸುಳ್ಳಲ್ಲ, ಆದರೆ ಅದು ಗೆದ್ದ ಷೇರಿನ ಕತೆ. ಅದೇ 1990ರ ದಶಕದಲ್ಲಿ ಜನರಿಂದ ದುಡ್ಡೆತ್ತಿ ವಿಳಾಸವೇ ಸಿಗದಂತೆ ಹೋದ ಕಂಪನಿಗಳು ಎಷ್ಟಿದ್ದವೆಂದರೆ, ‘ಮಾಯವಾದ ಕಂಪನಿಗಳು’ ಎಂದು ಸರ್ಕಾರವೇ ಪಟ್ಟಿ ಮಾಡಬೇಕಾಯಿತು. 95 ರೂಪಾಯಿಯ ಆ ಷೇರನ್ನು ಅವುಗಳ ನಡುವಿನಿಂದ ಆರಿಸುವುದು ಯಾವ ಫಿಟ್ಟರನಿಗೆ ಸಾಧ್ಯವಿತ್ತು? ಹುಡುಗಿಗೂ ಇದು ಗೊತ್ತಿದ್ದಂತಿತ್ತು. ಅವಳು ಆರಿಸಿ ಕೊಳ್ಳುವ ಮಾತು ಬಿಟ್ಟು ದುಡಿಯುವಲ್ಲೇ ಷೇರು ಸಿಗುವ ಮಾತಿಗೆ ಬಂದಳು.

ಮಗಳು: ಸರಿ, ಕೊಂಡಿದ್ದು ಬಿಡಿ. ಇನ್ಫೋಸಿಸ್‌ನವರು 1994ರಲ್ಲಿ ನೌಕರರಿಗೇ ಷೇರು ಕೊಡೋ ಯೋಜನೆ ಮಾಡಿದ್ರು. 1999ರಲ್ಲಿ ಅಮೆರಿಕದ ನಾಸ್‌ಡಾಕ್‌ಗೂ ಹೋದ್ರು. ಎಂಜಿನಿಯರುಗಳು ಮಾತ್ರ ಅಲ್ಲ, ಅಲ್ಲಿ ಕಾರು ಓಡಿಸ್ತಿದ್ದವರೂ ಶ್ರೀಮಂತರಾದ್ರು ಅಂತ ಪೇಪರಿನಲ್ಲಿ ಬಂತು. ಯಾವ ಧರಣಿಯೂ ಇಲ್ಲ, ಯಾರ ಸರವೂ ಅಡವಿಗೆ ಹೋಗಲಿಲ್ಲ. 2023ರಲ್ಲಿ ಫ್ಲಿಪ್‌ಕಾರ್ಟ್‌ನವರು ಫೋನ್‌ಪೇ ಬೇರೆ ಆದಾಗ ನೌಕರರಿಗೆ ಸುಮಾರು 70 ಕೋಟಿ ಡಾಲರ್ ಕೊಟ್ರು. ಯಾವ ವೇತನ ಒಪ್ಪಂದದಲ್ಲಿ ಅಷ್ಟು ದುಡ್ಡು ಬರುತ್ತೆ?

ದೊಡ್ಡಪ್ಪ: ಆ 70 ಕೋಟಿ ಡಾಲರಿನಲ್ಲಿ ಮನೆ ಬಾಗಿಲಿಗೆ ಸಾಮಾನು ತಂದು ಕೊಡೋ ಹುಡುಗನಿಗೆ ಎಷ್ಟು ಬಂತು?

ಮಗಳು: ಅವನಿಗೆ ಬರಲ್ಲ. ಅಂಥವರು ಹೆಚ್ಚಾಗಿ ಏಜೆನ್ಸಿ ಕಡೆಯವರು.

ದೊಡ್ಡಪ್ಪ: ನೋಡು, ಅಲ್ಲೇ ಇರೋದು. ಅವತ್ತಿನ ಆ ಕಾರು ಚಾಲಕನ ಹೆಸರು ಕಂಪನಿಯ ಸಂಬಳದ ಪಟ್ಟಿಯಲ್ಲಿತ್ತು, ಅದಕ್ಕೇ ಅವನಿಗೆ ಷೇರು ಬಂತು. ಇವತ್ತು ಯಾವ ದೊಡ್ಡ ಆಫೀಸಿಗೆ ಬೇಕಾದ್ರೂ ಹೋಗು. ಚಾಲಕ, ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನ್, ಎಲ್ಲರೂ ಗುತ್ತಿಗೆ. ಷೇರು ಹಂಚೋ ಹೊತ್ತಿಗೆ ಅವರು ಲೆಕ್ಕಕ್ಕೇ ಇಲ್ಲ. ಪಟ್ಟಿಯಲ್ಲಿ ಹೆಸರು ಇರಬೇಕೋ ಬೇಡವೋ ಅನ್ನೋ ಜಗಳ ಮಾಡೋದು ಯೂನಿಯನ್ನು, ಷೇರು ಮಾರುಕಟ್ಟೆ ಅಲ್ಲ.

ಮಗಳು: ನಿಮ್ಮ ಯೂನಿಯನ್ನು ಆ ಜಗಳ ಮಾಡ್ತಾ? ನಿಮ್ಮ ಕಾರ್ಖಾನೆಯಲ್ಲೂ ಕೊನೆ ಕೊನೆಗೆ ಗುತ್ತಿಗೆಯವರು ಇದ್ರಲ್ಲ. ಒಂದೇ ಮೆಷಿನ್ ಮುಂದೆ ನಿಂತರೂ ಅವರಿಗೆ ನಿಮ್ಮ ಸಂಬಳದ ಮೂರನೇ ಒಂದು ಪಾಲು. ನಿಮ್ಮ ಒಪ್ಪಂದದಲ್ಲಿ ಅವರ ಹೆಸರಿತ್ತಾ?

ದೊಡ್ಡಪ್ಪ: ಇರಲಿಲ್ಲ. ಸದಸ್ಯರು ಒಪ್ಪಲಿಲ್ಲ. ಅವರನ್ನ ಸೇರಿಸಿದ್ರೆ ನಮ್ಮ ಪಾಲು ಕಮ್ಮಿ ಆಗುತ್ತೆ ಅಂತ ಹೆದರಿದ್ರು.

ಮಗಳು: ಹಂಗಾದ್ರೆ ಯೂನಿಯನ್ನೂ ಒಂದು ಪಟ್ಟಿನೇ. ಒಳಗಿದ್ದೋರಿಗೆ ಉಂಟು, ಹೊರಗಿದ್ದೋರಿಗಿಲ್ಲ.

ಈ ಮಾತಿಗೆ ಹಿರಿಯರು ತಕ್ಷಣ ಉತ್ತರ ಕೊಡಲಿಲ್ಲ. ಆಮೇಲೆ ಅವರು ತೆಗೆದ ವಿಷಯ ಅವರ ವಾದಕ್ಕೆ ಬಲ ಕೊಡುವಂಥದೇನೂ ಆಗಿರಲಿಲ್ಲ. ಆದರೂ ಹೇಳಿದರು.

ದೊಡ್ಡಪ್ಪ: ನಿಜ ಹೇಳ್ತೀನಿ ಕೇಳು. ನಮ್ಮಂಥೋರಿಗೆ ಆಸ್ತಿ ಅಂತ ಆಗಿದ್ದು ಪಿಎಫ್‌ನಿಂದ ಅಲ್ಲ, ಬೋನಸ್ಸಿನಿಂದ ಅಲ್ಲ. ಸೈಟಿನಿಂದ. ನೌಕರರ ಗೃಹ ನಿರ್ಮಾಣ ಸಹಕಾರ ಸಂಘ ಅಂತ ಮಾಡಿದ್ವಿ, ಸಂಬಳದಲ್ಲೇ ಕಂತು ಹಿಡೀತಿದ್ರು. ಖಾಯಂ ಕೆಲಸ ಅನ್ನೋದೇ ಜಾಮೀನು, ಸಂಬಳದ ಚೀಟಿ ತೋರಿಸಿದ್ರೆ ಮನೆ ಸಾಲ. ಈ ಮನೆ ಕಟ್ಟೋಕೆ ಆದ ಖರ್ಚಿಗೆ ಇವತ್ತು ಒಂದು ಬಾತ್‌ರೂಮು ಆಗಲ್ಲ. ನಾನು ಜೀವಮಾನ ಪೂರ್ತಿ ಎಣಿಸಿದ ಸಂಬಳಕ್ಕಿಂತ ಈ 30/40 ಸೈಟಿನ ಬೆಲೆ ಜಾಸ್ತಿ.

ಮಗಳು: ಆ ಸೈಟು ಮೊದಲು ಯಾರದ್ದು?

ದೊಡ್ಡಪ್ಪ: ಯಾರದ್ದು ಅಂದ್ರೆ, ಹೊಲ. ರಾಗಿ ಬೆಳೀತಿದ್ರು.

ಮಗಳು: ಸೊಸೈಟಿಗಳಿಗೆ ಅಂತ ಸರ್ಕಾರ ರೈತರ ಜಮೀನು ಸ್ವಾಧೀನ ಮಾಡಿದ್ದು, ನಡುವೆ ಮಧ್ಯವರ್ತಿಗಳು ಹೊಕ್ಕಿದ್ದು, ಇವೆಲ್ಲ ಕೋರ್ಟಿಗೆ ಹೋಗಿತ್ತು ದೊಡ್ಡಪ್ಪ. 1995ರಲ್ಲಿ ಎಚ್‌ಎಂಟಿ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಸ್ವಾಧೀನವನ್ನೇ ಒಪ್ಪಲಿಲ್ಲ. ಜಮೀನು ಮಾಲೀಕರಿಗೆ ವಾಪಸ್ ಕೊಡಿ ಅಂತು. ಕಾರ್ಮಿಕರು ಆಸ್ತಿವಂತರಾದ್ರು ಅನ್ನೋವಾಗ ಆ ಕಡೆ ಯಾರು ಕಳಕೊಂಡ್ರು ಅನ್ನೋದನ್ನೂ ಹೇಳಬೇಕಲ್ವಾ?

ದೊಡ್ಡಪ್ಪ: ಹೇಳಬೇಕು. ರೈತನಿಗೆ ಎಕರೆ ಲೆಕ್ಕದಲ್ಲಿ ಕೊಟ್ರು, ನಮಗೆ ಅಡಿ ಲೆಕ್ಕದಲ್ಲಿ ಬಂತು. ಆ ಎರಡು ಲೆಕ್ಕದ ನಡುವೆ ನಮ್ಮ ಆಸ್ತಿ ಹುಟ್ಟಿತು. ನಮ್ಮ ಲೇಔಟಿನ ಹೊಲದವರ ಮೊಮ್ಮಗ ಒಬ್ಬ ಇಲ್ಲೇ ಟ್ಯಾಂಕರ್ ಓಡಿಸ್ತಾನೆ. ಆದ್ರೆ ಒಂದು ಹೇಳು. ಆ ಜಮೀನನ್ನ ನಾವು ಕೊಳ್ಳದೆ ಇದ್ದಿದ್ರೆ ಅವನ ಹತ್ರಾನೇ ಇರ್ತಿತ್ತಾ? ಬಿಲ್ಡರ್ ತಗೋತಿದ್ದ. ಆಗ ರೈತನಿಗೂ ಇಲ್ಲ, ಕಾರ್ಮಿಕನಿಗೂ ಇಲ್ಲ.

ಮಗಳು: ಇರಬಹುದು. ಆದ್ರೂ ಆ ದಾರಿ ಇವತ್ತಿನವರಿಗೆ ಮುಚ್ಚಿದೆ. ನನ್ನಂಥವಳೇ ಸೈಟು ಕೊಳ್ಳೋಕೆ ಆಗಲ್ಲ. ಇವತ್ತು ದುಡಿಯೋರ ಕೈಗೆ ಎಟುಕೋದು ಓದು ಒಂದೇ. ಅದರ ಮೇಲೆ, ತಿಂಗಳಿಗೆ 500 ರೂಪಾಯಿಯಾದ್ರೂ ಸರಿ, ಮ್ಯೂಚುವಲ್ ಫಂಡಿನಲ್ಲಿ ಎಸ್‌ಐಪಿ.

ದೊಡ್ಡಪ್ಪ: ಓದಿನ ವಿಷಯಕ್ಕೆ ಬಾ. ನಿಮ್ಮಕ್ಕ 2001ರಲ್ಲಿ ಸಿಇಟಿ ಬರೆದು ಎಂಜಿನಿಯರಿಂಗ್ ಸೀಟು ತಗೊಂಡ್ಳು. ಆ ಸೀಟು ಯಾಕಿತ್ತು ಗೊತ್ತಾ? 90ರ ದಶಕದ ಶುರುವಲ್ಲಿ ನಮ್ಮ ರಾಜ್ಯದ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2 ಸಾವಿರ ಇದ್ರೆ ಹೊರರಾಜ್ಯದವರಿಗೆ 60 ಸಾವಿರ. ಆ ಮೇಲೆ ಡೊನೇಷನ್ನು. ಮೋಹಿನಿ ಜೈನ್ ಅನ್ನೋ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದ್ಳು, 1992ರಲ್ಲಿ ತೀರ್ಪು ಬಂತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ಅರ್ಧ ಸೀಟು ಸರ್ಕಾರಿ ಶುಲ್ಕಕ್ಕೇ ಕೊಡಬೇಕು, ಅಂಕದ ಮೇಲೇ ಕೊಡಬೇಕು ಅಂತ. ಆಮೇಲೆ 1994ರಲ್ಲಿ ಸಿಇಟಿ ಬಂತು. ಫಿಟ್ಟರನ ಮಗಳು ಎಂಜಿನಿಯರ್ ಆಗಿದ್ದು ಹಂಗೆ.

ಮಗಳು: ಅದರಲ್ಲಿ ಯೂನಿಯನ್ ಎಲ್ಲಿ ಬಂತು? ಅಕ್ಕನಿಗೆ ರ‍್ಯಾಂಕ್ ಬಂದಿದ್ದು ಅವಳು ಓದಿದ್ದಕ್ಕೆ.

ದೊಡ್ಡಪ್ಪ: ಓದಿದ್ಳು. ಎಲ್ಲಿ ಓದಿದ್ಳು? ಟೌನ್‌ಶಿಪ್ಪಿನ ಶಾಲೆಯಲ್ಲಿ. ಹತ್ತನೇ ಕ್ಲಾಸು ಮುಗಿದ ಕೂಡ್ಲೆ ಕೆಲಸಕ್ಕೆ ಹೋಗು ಅಂತ ನಾನು ಹೇಳಲಿಲ್ಲ, ಹೇಳೋ ಗತಿ ನನಗೆ ಬರಲಿಲ್ಲ. ನಾನು ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ರೆ ಅವಳು ಬೇರೆ ಕೋಣೆಯಲ್ಲಿ ದೀಪ ಹಾಕ್ಕೊಂಡು ಕೂರ್ತಿದ್ಳು. ಎರಡು ಕೋಣೆಯ ಕ್ವಾರ್ಟರ್ಸು ಅದು. ನಿಮ್ಮ ಎಸ್‌ಐಪಿ, ನಿಮ್ಮ ಷೇರು, ಇವೆಲ್ಲ ಮೇಲಿನ ಮಹಡಿ ಕಣಮ್ಮ. ಕೆಳಗಿನದನ್ನ ಕಟ್ಟಿದ್ದು ಯಾರು?

ಮಗಳು: ಒಪ್ಪಿದೆ. ಆದ್ರೆ ನಾನು 2013ರಲ್ಲಿ ಸೇರುವಾಗ ಆ ಲೆಕ್ಕ ಬದಲಾಗಿತ್ತು. ಉನ್ನಿಕೃಷ್ಣನ್ ಯೋಜನೆಯನ್ನ 2002ರಲ್ಲಿ ಟಿಎಂಎ ಪೈ ತೀರ್ಪು ತೆಗೆದುಹಾಕಿತ್ತು. ಅಪ್ಪ ಶಿಕ್ಷಣ ಸಾಲ ಮಾಡಿದ್ರು. ಅದನ್ನ ತೀರಿಸಿದ್ದು ನನ್ನ ಸಂಬಳ, ನಾನು ಕಲಿತ ಕೋಡಿಂಗು. ನನ್ನ ಪರವಾಗಿ ಯಾವ ಯೂನಿಯನ್ನೂ ಮಾತಾಡಿಲ್ಲ.

ದೊಡ್ಡಪ್ಪ: ನಿನ್ನ ಹತ್ರ ಷೇರು ಇದೆಯಲ್ಲ, ಅದನ್ನ ತೋರಿಸು. ನಂಗೆ ಅದು ಹೆಂಗೆ ಅಂತ ನೋಡಬೇಕು.

ಅವಳು ಫೋನಿನಲ್ಲಿ ಕಾಗದ ತೆರೆದು ತೋರಿಸಿದಳು. ಇಸಾಪ್ ಎಂದು ಎಲ್ಲರ ಬಾಯಲ್ಲೂ ಇರುವ ಈ ಕಾಗದವನ್ನು ಒಮ್ಮೆ ಹತ್ತಿರದಿಂದ ನೋಡುವುದು ಒಳ್ಳೆಯದು. ಅವಳಿಗೆ ಕೊಟ್ಟಿರುವುದು 4,000 ಆಪ್ಷನ್. ಅವು ಷೇರುಗಳಲ್ಲ, ಮುಂದೆ ಷೇರು ಕೊಳ್ಳುವ ಹಕ್ಕು. ನಾಲ್ಕು ವರ್ಷದಲ್ಲಿ ಕಂತುಕಂತಾಗಿ ಕೈಸೇರುತ್ತವೆ. ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಒಂದೂ ಇಲ್ಲ. ಒಂದೊಂದನ್ನು ಕೊಳ್ಳಲು ಅವಳು ಕೊಡಬೇಕಾದ್ದು 10 ರೂಪಾಯಿ, ಕಂಪನಿ ಹೇಳುವ ಬೆಲೆ 900.

ಮಗಳು: ಲೆಕ್ಕಕ್ಕೆ 36 ಲಕ್ಷ. ಆದ್ರೆ ನಾನು ಇದನ್ನ ಷೇರು ಮಾಡ್ಕೊಂಡ ದಿನ ನಡುವಿನ 890 ರೂಪಾಯಿ ನನ್ನ ಸಂಬಳ ಅಂತ ಲೆಕ್ಕ. 35 ಲಕ್ಷದ ಮೇಲೆ ತೆರಿಗೆ, ಶೇ 30ರ ದರ ಅಂದ್ರೂ ಹತ್ತು ಲಕ್ಷ ದಾಟುತ್ತೆ. ಕೆಲವೇ ಸ್ಟಾರ್ಟಪ್‌ಗಳ ನೌಕರರಿಗೆ ಅದನ್ನ ಮುಂದೂಡೋ ಅವಕಾಶ ಇದೆ, ನಮ್ಮದು ಅದರಲ್ಲಿಲ್ಲ.

ದೊಡ್ಡಪ್ಪ: ಮಾರಿ ಕಟ್ಟೋದು ತಾನೆ?

ಮಗಳು: ಮಾರೋಕೆ ಆಗಲ್ಲ. ಕಂಪನಿ ಇನ್ನೂ ಮಾರುಕಟ್ಟೆಗೆ ಬಂದಿಲ್ಲ.

ದೊಡ್ಡಪ್ಪ: ಮಾರೋಕೆ ಆಗದ್ದಕ್ಕೆ ಹತ್ತು ಲಕ್ಷ ತೆರಿಗೆ! ಕೆಲಸ ಬಿಟ್ರೆ?

ಮಗಳು: 90 ದಿನದೊಳಗೆ ತಗೋಬೇಕು, ಇಲ್ಲಾಂದ್ರೆ ಹೋಯ್ತು. ಮತ್ತೆ ಬೆಲೆ ಹಿಂಗೇ ಇರುತ್ತೆ ಅಂತಲೂ ಇಲ್ಲ. ಬೈಜೂಸ್ 2022ರಲ್ಲಿ 2,200 ಕೋಟಿ ಡಾಲರಿನ ಕಂಪನಿ ಅಂತಿದ್ರು, 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯ್ತು. ಸಂಬಳದ ಬದಲು ಇಂಥ ಕಾಗದ ಇಟ್ಟುಕೊಂಡಿದ್ದ ನನ್ನ ಗೆಳತಿಗೆ ಸಂಬಳವೂ ನಿಂತಿತು, ಕಾಗದವೂ ಕೆಲಸಕ್ಕೆ ಬರಲಿಲ್ಲ.

ದೊಡ್ಡಪ್ಪ: ಅದನ್ನೇ ನಾನು ಹೇಳೋದು. ಎಚ್‌ಎಂಟಿ ವಾಚ್ ಫ್ಯಾಕ್ಟರಿ 2016ರಲ್ಲಿ ಮುಚ್ಚೋದು ಅಂತ ತೀರ್ಮಾನ ಆಯ್ತು. ತುಮಕೂರಿನ ಹುಡುಗರೆಲ್ಲ ಅಲ್ಲಿ ಗಡಿಯಾರ ಜೋಡಿಸ್ತಿದ್ದೋರು. ಅವರ ಉಳಿತಾಯವೂ ಅದೇ ಕಂಪನಿ ಷೇರಿನಲ್ಲಿ ಇದ್ದಿದ್ರೆ ಏನಾಗ್ತಿತ್ತು? ಕೆಲಸ ಹೋದ ದಿನವೇ ಗಂಟೂ ಹೋಗ್ತಿತ್ತು. ಪಿಎಫ್ ಬೇರೆ ಕಡೆ ಇತ್ತು, ಉಳೀತು.

ಮಗಳು: ಎಚ್‌ಎಎಲ್ ವಿಷಯ ಯಾಕೆ ಹೇಳಲ್ಲ ನೀವು? 2018ರ ಮಾರ್ಚಿನಲ್ಲಿ ಅದರ ಷೇರು ಮಾರಾಟಕ್ಕೆ ಬಂತು, 1,215 ರೂಪಾಯಿ. ನೌಕರರಿಗೆ ಅಂತ ಪಾಲು ಕಾದಿಟ್ಟಿದ್ರು, 25 ರೂಪಾಯಿ ರಿಯಾಯಿತಿ ಬೇರೆ. ಇಡೀ ಇಶ್ಯೂ ಪೂರ್ತಿ ಭರ್ತಿಯಾಗಲಿಲ್ಲ. 2023ರಲ್ಲಿ ಒಂದು ಷೇರು ಎರಡಾಯ್ತು, 2024ರಲ್ಲಿ ಒಂದೊಂದೂ 4 ಸಾವಿರ ದಾಟಿತು. ಆ ವಿಮಾನಗಳನ್ನ ಕೈಯಾರೆ ಕಟ್ಟಿದವರಿಗೇ ಅದರಲ್ಲಿ ಪಾಲು ತಗೊಳ್ಳಿ ಅಂತ ಯಾರೂ ಕೂರಿಸಿ ಹೇಳಲಿಲ್ಲ. ಯೂನಿಯನ್ ಹೇಳಬೇಕಾಗಿತ್ತು. ಯೂನಿಯನ್ ಹೇಳಿದ್ದು, ಷೇರು ಮಾರೋದೇ ತಪ್ಪು ಅಂತ.

ದೊಡ್ಡಪ್ಪ: ಸರ್ಕಾರದ ಕಾರ್ಖಾನೆ ಮಾರಬಾರದು ಅಂತ ನಾನೀಗಲೂ ಅಂತೀನಿ. ಆದ್ರೆ ಮಾರೋದು ಖಾತ್ರಿ ಆದಮೇಲೆ ಕಾರ್ಮಿಕನಿಗೆ ಅರ್ಜಿ ತುಂಬೋದು ಹೇಳಿಕೊಡಬೇಕಿತ್ತು, ಅದು ಸರಿ. ಮನೆ ಖರ್ಚು ಕಳೆದು ಉಳಿದಿದ್ದರಲ್ಲಿ ಒಂದು ಭಾಗ, ಒಂದೇ ಒಂದು ಭಾಗ.

ಮಗಳು: ನಾನೂ ಒಂದು ಹೇಳ್ತೀನಿ. ಹೋದ ವರ್ಷ ನಮ್ಮಲ್ಲಿ ಒಂದಷ್ಟು ಜನರನ್ನ ತೆಗೆದ್ರು. 90 ದಿನದಲ್ಲಿ ಅಷ್ಟು ದುಡ್ಡು ಹೊಂದಿಸೋಕೆ ಆಗಲ್ಲ, ಗಡುವು ಜಾಸ್ತಿ ಮಾಡಿ ಅಂತ ಒಬ್ಬೊಬ್ಬರೇ ಎಚ್‌ಆರ್‌ಗೆ ಮೇಲ್ ಹಾಕಿದ್ರು. ಉತ್ತರಾನೇ ಇಲ್ಲ. ಆಮೇಲೆ ಎಲ್ಲರೂ ಸೇರಿ ಒಂದೇ ಪತ್ರ ಬರೆದು ಸಹಿ ಹಾಕಿದ್ರು. ಕೆಲಸದಲ್ಲಿ ಉಳಿದಿದ್ದ ನಾವೂ ಹಾಕಿದ್ವಿ. ಒಂದು ವಾರದಲ್ಲಿ ಅವರಿಗೆ ಮಾತ್ರ ಗಡುವು ಎರಡು ವರ್ಷ ಆಯ್ತು.

ದೊಡ್ಡಪ್ಪ: ಅದಕ್ಕೆ ನಿಮ್ಮಲ್ಲಿ ಏನಂತಾರೆ?

ಮಗಳು: ಪತ್ರ ಅಂತಾರೆ. ಯೂನಿಯನ್ ಅನ್ನಲ್ಲ. ಐಟಿಯವರದ್ದೂ ಒಂದು ಸಂಘ ಇದೆ, 2017ರಿಂದ. 2024ರಲ್ಲಿ ದಿನಕ್ಕೆ 14 ಗಂಟೆ ಕೆಲಸದ ಪ್ರಸ್ತಾಪ ಬಂದಾಗ ಗಲಾಟೆ ಮಾಡಿದ್ದು ಅವರೇ. ನಾನು ಸದಸ್ಯೆ ಅಲ್ಲ. ಆದ್ರೆ ಆ ಪತ್ರ ಆದಮೇಲೆ ಯೋಚನೆ ಬಂದಿದೆ.

ನನಗೆ ಇವರಿಬ್ಬರ ಮಾತಿನಲ್ಲಿ ಅತಿ ಮುಖ್ಯ ಎನಿಸಿದ್ದು ಈ ಜಾಗ. ಷೇರು ಬಂದರೆ ಸಂಘ ಬೇಡ ಎಂದು ಕಂಪನಿಗಳು ಹೇಳುತ್ತವೆ, ಸಂಘ ಇದ್ದರೆ ಷೇರಿನ ಗೊಡವೆ ಬೇಡ ಎಂದು ಹಳೆಯ ಮುಖಂಡರು ಹೇಳುತ್ತಿದ್ದರು. ಷೇರಿನ ಕಾಗದದಲ್ಲಿ ಬರೆದಿರುವ ಗಡುವು, ಬೆಲೆ, ತೆರಿಗೆಯ ಹೊರೆ ಎಲ್ಲವೂ ಚೌಕಾಸಿಯ ವಿಷಯಗಳೇ ಎಂಬುದನ್ನು ಎರಡೂ ಕಡೆಯವರು ಮರೆತಿದ್ದಾರೆ. ಆದರೆ ಚೌಕಾಸಿ ಮಾಡುವ ತ್ರಾಣವೇ ಇಲ್ಲದವರ ಗತಿ ಏನು? ಈ ಪ್ರಶ್ನೆ ಆ ಮನೆಯಲ್ಲಿ ದೂರದ್ದಾಗಿರಲಿಲ್ಲ. ಮೇಲಿನ ಮನೆಯ ಬಾಡಿಗೆದಾರ್ತಿ ಗಾರ್ಮೆಂಟ್ಸಿನಲ್ಲಿ ಟೈಲರ್. ಆರು ವರ್ಷ ದುಡಿದ ಕಾರ್ಖಾನೆ ಬಿಟ್ಟು ಮನೆಗೆ ಹತ್ತಿರದ ಇನ್ನೊಂದಕ್ಕೆ ಸೇರುತ್ತಿದ್ದಾಳೆ. ಹಳೆಯ ಪಿಎಫ್ ಬಿಡಿಸಿಬಿಡಲೇ ಎಂದು ಹಿರಿಯರನ್ನು ಕೇಳಿದ್ದಳು.

ಮಗಳು: ಬಿಡಿಸಬಾರದು. ಅವಳ ಪಾಸ್‌ಬುಕ್ ನಾನೇ ನೋಡಿಕೊಟ್ಟೆ, ಒಂದೂವರೆ ಲಕ್ಷದ ಹತ್ತಿರ ಇದೆ. ಅವಳ ವಯಸ್ಸು 38. ಹೊಸ ಕಾರ್ಖಾನೆಯ ಖಾತೆಗೆ ವರ್ಗ ಮಾಡಿ ಸುಮ್ಮನೆ ಬಿಟ್ರೆ, ಈಗಿನ ಶೇ 8.25ರ ಬಡ್ಡಿಯಲ್ಲೇ 56 ಆಗೋ ಹೊತ್ತಿಗೆ ಆರು ಲಕ್ಷ ದಾಟುತ್ತೆ. ಹೊಸದಾಗಿ ಸೇರೋದು ಬೇರೆ. ಗಾರ್ಮೆಂಟ್ಸಿನವರು ಐದಾರು ವರ್ಷಕ್ಕೊಮ್ಮೆ ಕೆಲಸ ಬಿಟ್ಟು ಪಿಎಫ್ ಬಿಡಿಸ್ತಾರೆ, ಮತ್ತೆ ಸೊನ್ನೆಯಿಂದ ಶುರು. ಹಿಂಗೆ ಮಾಡಿದ್ರೆ ಆಸ್ತಿ ಎಲ್ಲಿಂದ ಆಗುತ್ತೆ?

ದೊಡ್ಡಪ್ಪ: ಇದೇ ಮಾತನ್ನ 2016ರಲ್ಲಿ ಕೇಂದ್ರ ಸರ್ಕಾರ ಹೇಳಿತು. ಮಾಲೀಕರ ಪಾಲು 58 ವರ್ಷದವರೆಗೆ ಮುಟ್ಟಂಗಿಲ್ಲ ಅಂತ ನಿಯಮ ತಂತು. ಏಪ್ರಿಲ್ 18ಕ್ಕೆ ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಬೀದಿಗಿಳಿದ್ರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಲಾಠಿ ತಿಂದ್ರು, ಕೇಸು ಬಿತ್ತು. ಮಾರನೇ ದಿನವೇ ಸರ್ಕಾರ ನಿಯಮ ವಾಪಸ್ ತಗೊಂತು. ನಾವು 77 ದಿನದಲ್ಲಿ ಮಾಡಲಾಗದ್ದನ್ನ ಅವರು ಎರಡು ದಿನದಲ್ಲಿ ಮಾಡಿದ್ರು.

ಮಗಳು: ಆ ಹೆಣ್ಣುಮಕ್ಕಳ ಧೈರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವರು ಗೆದ್ದಿದ್ದು ಏನು? ಉಳಿತಾಯ ಖರ್ಚು ಮಾಡೋ ಹಕ್ಕು. ಉಳಿಸೋ ಶಕ್ತಿ ಅಲ್ಲ.

ದೊಡ್ಡಪ್ಪ: 45 ಆದಮೇಲೆ ಕಣ್ಣು ಮಂಜಾದ್ರೆ ಮೆಷಿನ್ ಮುಂದೆ ಕೂರಿಸಲ್ಲ ಅವರನ್ನ. 58 ಅನ್ನೋದು ಯಾರ ಲೆಕ್ಕ? ಇವಳ ಮಗ ಡಿಪ್ಲೊಮಾ ಮುಗಿಸಿದಾನೆ, ಎಂಜಿನಿಯರಿಂಗಿಗೆ ಎರಡನೇ ವರ್ಷಕ್ಕೆ ಸೇರಬೇಕು. ಫೀಸು ಈಗ ಬೇಕು, 56ಕ್ಕೆ ಅಲ್ಲ. ಓದೇ ಆಸ್ತಿ ಅಂತ ನೀನೇ ಹೇಳಿದ್ದು.

ಮಗಳು: ಶಿಕ್ಷಣ ಸಾಲ ತಗೋಬಹುದಲ್ಲ. 4 ಲಕ್ಷದವರೆಗೆ ಆಸ್ತಿ ಅಡಮಾನ ಕೇಳೋ ಹಾಗಿಲ್ಲ. ಓದು ಮುಗಿದಮೇಲೆ ಮಗ ತೀರಿಸ್ತಾನೆ, ನಾನು ತೀರಿಸಲಿಲ್ವಾ?

ದೊಡ್ಡಪ್ಪ: ನಿಂಗೆ ಕೆಲಸ ಸಿಕ್ತು. ಅವನಿಗೆ ಸಿಗದಿದ್ರೆ ಸಾಲ ಅಮ್ಮನ ತಲೆ ಮೇಲೆ. ಅವಳ ಕೂಲಿ 12 ಸಾವಿರ. 2020ರ ಏಪ್ರಿಲ್‌ನಲ್ಲಿ ಬರಬೇಕಾಗಿದ್ದ ತುಟ್ಟಿಭತ್ಯೆ, ತಿಂಗಳಿಗೆ ನಾನೂರು ಚಿಲ್ಲರೆ ರೂಪಾಯಿ, ಅದನ್ನ ಕೊಡದೆ ಎರಡು ವರ್ಷದ ಹತ್ತಿರ ಸತಾಯಿಸಿದ ಉದ್ಯಮ ಅದು. ನಾಲ್ಕು ಲಕ್ಷ ಜನರ ದುಡ್ಡು. ಅದನ್ನ ಪಟ್ಟು ಹಿಡಿದು ಬಿಡಿಸಿದ್ದು ಗಾರ್ಮೆಂಟ್ಸ್ ಯೂನಿಯನ್ನಿನವರು. ನಾನೂರು ರೂಪಾಯಿಗೆ ಎರಡು ವರ್ಷ ಹೊಡೆದಾಡಿದವಳಿಗೆ 500 ರೂಪಾಯಿ ಎಸ್‌ಐಪಿ ಹಾಕು ಅಂತೀಯಲ್ಲ.

ಮಗಳು: ಅದಕ್ಕೇ ಹೇಳ್ತಿರೋದು, ಇರೋದನ್ನಾದ್ರೂ ಕರಗಿಸಬಾರದು ಅಂತ. ಅವಳು ಬಿಡಿಸಿದ ದುಡ್ಡು ಪೂರ್ತಿ ಫೀಸಿಗೇ ಹೋಗುತ್ತಾ? ಅವಳ ಗಂಡನ ತಮ್ಮ ಫೋನಿನಲ್ಲಿ ಆಪ್ಷನ್ ಟ್ರೇಡಿಂಗ್ ಆಡ್ತಾನೆ, ದುಡ್ಡು ಕೊಡು, ದುಪ್ಪಟ್ಟು ಮಾಡಿಕೊಡ್ತೀನಿ ಅಂತ ಈಗಾಗಲೇ ಕೇಳಿದಾನೆ. ಅದರಲ್ಲಿ ನೂರಕ್ಕೆ 93 ಜನ ಕಳಕೊಂಡಿದಾರೆ ಅಂತ ಸೆಬಿಯವರೇ 2024ರಲ್ಲಿ ಲೆಕ್ಕ ಕೊಟ್ರು. ಅದಕ್ಕೂ ಷೇರು ಅಂತಾನೇ ಹೆಸರು, ಅದೇ ನನ್ನ ಸಂಕಟ.

ದೊಡ್ಡಪ್ಪ: ಅವನ ಕೈಗೆ ಹೋಗಬಾರದು. ಆ ಮಾತು ನಾನೇ ಅವಳಿಗೆ ಹೇಳ್ತೀನಿ.

ಮಗಳು: ಗ್ರಾಚುಯಿಟಿ ಕೇಳಿದಾಳಾ? ಐದು ವರ್ಷ ದಾಟಿದೆಯಲ್ಲ.

ದೊಡ್ಡಪ್ಪ: ಇಲ್ಲ! ಅದಿದೆ ಅಂತಲೇ ಅವಳಿಗೆ ಗೊತ್ತಿಲ್ಲ. ವರ್ಷಕ್ಕೆ 15 ದಿನದ ಕೂಲಿ, ತಿಂಗಳಿಗೆ 26 ದಿನದ ಲೆಕ್ಕ. 12 ಸಾವಿರಕ್ಕೆ ಆರು ವರ್ಷ ಅಂದ್ರೆ...

ಮಗಳು: 41,500 ಚಿಲ್ಲರೆ.

ದೊಡ್ಡಪ್ಪ: 30 ದಿನದೊಳಗೆ ಕೊಡಬೇಕು. 1972ರಿಂದ ಇರೋ ಹಕ್ಕು ಇದು. ಕೊಡದಿದ್ರೆ ಕಾರ್ಮಿಕ ಇಲಾಖೆಗೆ ಅರ್ಜಿ. ಈ ವರ್ಷದ ಫೀಸಿಗೆ ಅದು ಆಗುತ್ತೆ.

ಮಗಳು: ಪೂರ್ತಿ ಆಗಲ್ಲ, ಅರ್ಧ ಆಗಬಹುದು. ಮಿಕ್ಕಿದ್ದಕ್ಕೆ ಸಾಲ. ಪಿಎಫ್ ವರ್ಗ.

ದೊಡ್ಡಪ್ಪ: ಪಿಎಫ್‌ನಲ್ಲಿ ಓದಿಗೆ ಅಂತ ಸ್ವಲ್ಪ ಮುಂಗಡ ತೆಗೆಯೋಕೆ ಬರುತ್ತೆ, ಅವಳಿಗೆ ಸಿಗುತ್ತಾ ಕೇಳೋಣ. ಸಿಕ್ಕಿದ್ರೆ ಅಷ್ಟು ತೆಗೀಲಿ. ಬ್ಯಾಂಕಿನ ಸಾಲಕ್ಕಿಂತ ತನ್ನ ದುಡ್ಡೇ ವಾಸಿ.

ಮಗಳು: ದೊಡ್ಡಪ್ಪ, ತೆಗೆದ ದುಡ್ಡು ಮತ್ತೆ ತುಂಬಲ್ಲ.

ದೊಡ್ಡಪ್ಪ: ಸಾಲದ ಬಡ್ಡಿಯೂ ನಿಲ್ಲಲ್ಲ.

ಮಗಳು: ಎರಡೂ ಲೆಕ್ಕ ಬರೆದು ಅವಳ ಮುಂದಿಡೋಣ. ಆರಿಸೋದು ಅವಳು.

ದೊಡ್ಡಪ್ಪ: ಬರಿ. ಗ್ರಾಚುಯಿಟಿ ಅರ್ಜಿ ಮೊದಲು ಬರಿ. ಅವಳ ಜೊತೆ ಕೆಲಸ ಬಿಟ್ಟವರು ಇನ್ನೂ ಯಾರ‍್ಯಾರು ಇದಾರೆ ಅಂತ ಕೇಳು. ಒಬ್ಬಳದ್ದೇ ಕಳಿಸಬೇಡ.